ಬಾನೆಟ್ ಕೆಳಗಿನ ಪೆಟ್ರೋಲ್ ವಾಸನೆ: ಹಳೆಯ ಕಾರಿನ ಕಾರ್ಬ್ಯುರೇಟರ್ ಪೈಪಿನ ದೋಷವನ್ನು ಹುಡುಕುವ ಕ್ರಮ

ಹಳೆಯ ಕಾರಿನಿಂದ ಪೆಟ್ರೋಲ್ ವಾಸನೆ ಬಂದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದೇ: ಬಾನೆಟ್ ಎತ್ತಿ, ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿಗೆ ಬರುವ ರಬ್ಬರ್ ಪೈಪಿನ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಇನ್ನೊಂದು ಸುತ್ತು ಬಿಗಿಯುವುದು. ನಾನೂ ಅದನ್ನೇ ಮಾಡಿದೆ. ಒಂದಲ್ಲ, ಮೂರು ಸಲ ಮಾಡಿದೆ. ಪ್ರತಿ ಸಲವೂ ಎರಡು ದಿನ ವಾಸನೆ ಇರಲಿಲ್ಲ; ಮೂರನೆಯ ದಿನ ಮತ್ತೆ ಬಂತು. ಕ್ಲಿಪ್ ಬಿಗಿಯುವುದು ಒಂದೇ ಒಂದು ದೋಷಕ್ಕೆ ಮದ್ದು, ಆದರೆ ಅದೇ ವಾಸನೆಯನ್ನು ಹುಟ್ಟಿಸುವ ದೋಷಗಳು ಕನಿಷ್ಠ ಐದಾರು ಇವೆ, ಮತ್ತು ಅವುಗಳಲ್ಲಿ ಒಂದೆರಡು ಕ್ಲಿಪ್ ಬಿಗಿದಷ್ಟೂ ಹೆಚ್ಚಾಗುತ್ತವೆ ಎಂಬುದು ತಿಳಿದದ್ದು ಆ ಮೇಲೆಯೇ. ಆದ್ದರಿಂದ ಈ ಬರಹದಲ್ಲಿ ರಿಪೇರಿಗಿಂತ ಹುಡುಕುವ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ನನ್ನದು ಪುಣೆಯ ಕೋಥರೂಡಿನ ಹೌಸಿಂಗ್ ಸೊಸೈಟಿಯೊಂದರಲ್ಲಿ ನಿಲ್ಲುವ ಪ್ರೀಮಿಯರ್ ಪದ್ಮಿನಿ. 1964ರಿಂದ ಮುಂಬೈಯ ಕುರ್ಲಾದಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ತಯಾರಾಗುತ್ತಿದ್ದ ಕಾರೇ ಮುಂದೆ ಪದ್ಮಿನಿ ಎನಿಸಿಕೊಂಡಿತು. ಎಂಜಿನ್ 1089 ಸಿ.ಸಿ., ಒಂದೇ ಬ್ಯಾರೆಲ್ಲಿನ ಕಾರ್ಬ್ಯುರೇಟರ್. ಮುಂಬೈಯಲ್ಲಿ ಈ ಮಾದರಿಯ ಕೊನೆಯ ಕಪ್ಪು-ಹಳದಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು, ಹಾಗಾಗಿ ಈಗ ಉಳಿದಿರುವವು ನಮ್ಮಂತಹವರ ಮನೆಯ ಕಾರುಗಳು ಮಾತ್ರ. ಇಲ್ಲಿ ಹೇಳುವ ಬಹುಪಾಲು ಸಂಗತಿ ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್ ಮತ್ತು ಹಳೆಯ ಬ್ರಿಟಿಷ್ ಕಾರುಗಳಿಗೂ ಅನ್ವಯಿಸುತ್ತದೆ. ಎರಡು ಕಾರ್ಬ್ಯುರೇಟರ್ ಇರುವ ಕಾರುಗಳ ವಿಷಯವನ್ನು ಕೊನೆಯಲ್ಲಿ ಬೇರೆಯಾಗಿ ಹೇಳಿದ್ದೇನೆ.

ಕೈ ಹಾಕುವ ಮೊದಲು

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲಕ್ಕೆ ಹೋಗಿ ಚದುರುವುದಿಲ್ಲ, ಕೆಳಗಿಳಿದು ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ. ಕಟ್ಟಡದ ಕೆಳಗಿನ ಸ್ಟಿಲ್ಟ್ ಪಾರ್ಕಿಂಗಿನಲ್ಲಿ ತಗ್ಗು ಇರುವ ಕಡೆ, ಚರಂಡಿಯ ಜಾಲರಿಯ ಹತ್ತಿರ, ನೀರಿನ ಪಂಪಿನ ಗುಂಡಿಯಲ್ಲಿ ಶೇಖರವಾಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಒಂದೂವರೆ ಪಾಲಿನಷ್ಟಾದರೂ ಹೊತ್ತಿಕೊಳ್ಳಲು ಸಾಕು, ಮತ್ತು ದ್ರವ ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಕಿಡಿ ತಗುಲಿದರೆ ಹೊತ್ತಬಲ್ಲಷ್ಟು ಆವಿಯನ್ನು ಬಿಡುತ್ತಿರುತ್ತದೆ. ಆದ್ದರಿಂದ ಕಾರನ್ನು ಬಯಲಿಗೆ ತಳ್ಳಿಕೊಂಡು ಬರಬೇಕು. ಸ್ಟಾರ್ಟ್ ಮಾಡಿಕೊಂಡು ಬರುವುದಲ್ಲ, ತಳ್ಳುವುದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ಅದು ತಾನಾಗಿ ಟರ್ಮಿನಲ್ಲಿಗೆ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕಿಡಬೇಕು. ತಂತಿಯ ಹಳೆಯ ಬಲ್ಬಿನ ಹ್ಯಾಂಡ್ ಲ್ಯಾಂಪ್ ಬೇಡ. ಬಲ್ಬು ಕೈತಪ್ಪಿ ಒಡೆದರೆ ಅದರ ತಂತುವೇ ಕಿಡಿಯಾಗುತ್ತದೆ. ಎಲ್.ಇ.ಡಿ. ಟಾರ್ಚ್ ಸಾಕು, ಅದನ್ನೂ ದೂರದಲ್ಲೇ ಹೊತ್ತಿಸಿಕೊಂಡು ಬರುವುದು ವಾಸಿ. ಕೈಗೆಟುಕುವ ಜಾಗದಲ್ಲಿ ಒಣಪುಡಿಯ ಅಗ್ನಿಶಾಮಕ ಇರಲಿ. ನೀರಿನ ಬಕೆಟ್ಟು ಪ್ರಯೋಜನಕ್ಕಿಲ್ಲ, ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ದೂರ ಒಯ್ಯುತ್ತದೆ.

ಇದೇ ಕಾರಣಕ್ಕೆ ಆಯುಧಪೂಜೆಯ ದಿನ ಬಾನೆಟ್ ತೆರೆದಿಟ್ಟು ಎಂಜಿನ್ನಿಗೆ ಕರ್ಪೂರದಾರತಿ ಎತ್ತುವ ಪದ್ಧತಿಯನ್ನು ನಮ್ಮ ಮನೆಯಲ್ಲಿ ನಿಲ್ಲಿಸಿದ್ದೇವೆ. ಕುಂಬಳಕಾಯಿ, ಕುಂಕುಮ, ಹೂವು ಎಲ್ಲ ಇದೆ. ಆರತಿ ಮಾತ್ರ ಮುಂಭಾಗದಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಬಾನೆಟ್ ಮುಚ್ಚಿದ ಮೇಲೆ.

ವಾಸನೆ ಯಾವ ಹೊತ್ತಿನದು

ಸ್ಪ್ಯಾನರ್ ಹಿಡಿಯುವ ಮುಂಚೆ ಎರಡು ಮೂರು ದಿನ ವಾಸನೆಯ ವೇಳೆಯನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಬಿಸಿ ಎಂಜಿನ್ ನಿಂತ ಹತ್ತು ನಿಮಿಷದೊಳಗೆ ಬಂದು ಅರ್ಧ ಗಂಟೆಯಲ್ಲಿ ಹೋಗುವ ಲಘು ವಾಸನೆ ಹಳೆಯ ಕಾರ್ಬ್ಯುರೇಟರಿಗೆ ಸಹಜವಾದದ್ದು. ಎಂಜಿನ್ನಿನ ಶಾಖ ಮೇಲಕ್ಕೇರಿ ಫ್ಲೋಟ್ ಚೇಂಬರಿನಲ್ಲಿ, ಅಂದರೆ ಕಾರ್ಬ್ಯುರೇಟರಿನ ಪೆಟ್ರೋಲ್ ತುಂಬಿಡುವ ಪುಟ್ಟ ತೊಟ್ಟಿಯಲ್ಲಿ, ಉಳಿದ ಪೆಟ್ರೋಲಿನ ಹಗುರ ಅಂಶವನ್ನು ಆವಿ ಮಾಡುತ್ತದೆ, ಅದು ಗಾಳಿರಂಧ್ರದಿಂದ ಹೊರಬರುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆಯೂ ನಾರುತ್ತಿದ್ದರೆ ಅದು ಸಹಜವಲ್ಲ, ಎಲ್ಲೋ ದ್ರವವಾಗಿಯೇ ಒಸರುತ್ತಿದೆ. ಟ್ಯಾಂಕ್ ತುಂಬಿಸಿದ ದಿನ ಮಾತ್ರ, ಅದೂ ತಿರುವುಗಳಲ್ಲಿ, ಹಿಂದಿನ ಸೀಟಿನವರಿಗೆ ಮೊದಲು ವಾಸನೆ ಬಂದರೆ ದೋಷ ಟ್ಯಾಂಕಿನ ಕತ್ತಿನ ರಬ್ಬರಿನಲ್ಲೋ ಮುಚ್ಚಳದ ವಾಷರಿನಲ್ಲೋ ಇರುತ್ತದೆ. ಅಂತಹವರು ಮುಂದಿನದನ್ನು ಓದುವ ಮೊದಲು ಡಿಕ್ಕಿಯ ಕಡೆ ನೋಡಬೇಕು. ಓಡುವಾಗ ಮಾತ್ರ ವಾಸನೆ, ನಿಂತ ಕೂಡಲೇ ಕಡಿಮೆ ಎಂದಾದರೆ ಪಂಪಿನಿಂದ ಕಾರ್ಬ್ಯುರೇಟರಿನವರೆಗಿನ ಒತ್ತಡದ ಭಾಗವನ್ನೇ ಸಂಶಯಿಸಬೇಕು. ನನ್ನದು ಈ ಕೊನೆಯ ಜಾತಿಯದು.

ಒದ್ದೆ ಎಲ್ಲಿ ಶುರುವಾಗುತ್ತದೆ

ಪೆಟ್ರೋಲ್ ತೊಟ್ಟಿಕ್ಕುವ ಜಾಗವೂ ಸೋರುವ ಜಾಗವೂ ಒಂದೇ ಆಗಿರುವುದು ಅಪರೂಪ. ಅದು ಪೈಪಿನ ಅಡಿಬದಿಯಲ್ಲಿ ಹರಿದು, ಯಾವುದೋ ಬೋಲ್ಟಿನ ತುದಿಯಲ್ಲಿ ಹನಿಗಟ್ಟಿ ಬೀಳುತ್ತದೆ, ಬಿದ್ದ ಮರುಕ್ಷಣ ಆವಿಯಾಗಿ ಗುರುತೂ ಉಳಿಯುವುದಿಲ್ಲ. ಇದಕ್ಕೆ ನಾನು ಬಳಸುವುದು ಮಕ್ಕಳ ಸೀಮೆಸುಣ್ಣದ ಪುಡಿ. ಕಾರ್ಬ್ಯುರೇಟರಿನ ಹೊರಮೈ, ಪೈಪಿನ ಎರಡೂ ತುದಿ, ಪಂಪಿನ ಮುಚ್ಚಳದ ಅಂಚು, ಎಲ್ಲವನ್ನೂ ಒಣ ಬಟ್ಟೆಯಿಂದ ಒರೆಸಿ, ಬ್ರಷ್ಷಿನಿಂದ ತೆಳುವಾಗಿ ಪುಡಿ ಹಚ್ಚಬೇಕು. ಏರ್ ಕ್ಲೀನರನ್ನು ಮೊದಲೇ ಬಿಚ್ಚಿದ್ದರೆ ಕಾರ್ಬ್ಯುರೇಟರಿನ ಬಾಯಿಯನ್ನು ಬಟ್ಟೆಯಿಂದ ಮುಚ್ಚಿರಬೇಕು, ಇಲ್ಲವಾದರೆ ಪುಡಿ ಒಳಗೆ ಹೋಗಿ ಹೊಸ ದೋಷವೊಂದು ಹುಟ್ಟುತ್ತದೆ.

ಈಗ ಎಂಜಿನ್ ಸ್ಟಾರ್ಟ್ ಮಾಡದೆಯೇ ಪೈಪಿನಲ್ಲಿ ಒತ್ತಡ ತರಬೇಕು. ಕ್ಯಾಮ್‌ಶಾಫ್ಟಿನಿಂದ (ಎಂಜಿನ್ನಿನೊಳಗೆ ತಿರುಗುವ, ಉಬ್ಬುಗಳಿರುವ ದಂಡದಿಂದ) ಓಡುವ, ಡಯಾಫ್ರಮ್ ಎಂಬ ಬಾಗುವ ಪೊರೆಯ ಹಳೆಯ ಪಂಪುಗಳಲ್ಲಿ ಹಲವಕ್ಕೆ ಕೈಯಿಂದ ಒತ್ತುವ ಸಣ್ಣ ಲಿವರ್ ಇರುತ್ತದೆ. ಅದನ್ನು ಮೇಲೆ ಕೆಳಗೆ ಆಡಿಸಿದರೆ ಫ್ಲೋಟ್ ಚೇಂಬರ್ ತುಂಬುತ್ತದೆ, ತುಂಬಿದ ಮೇಲೆ ಲಿವರ್ ಸಡಿಲವಾದಂತೆ ಅನಿಸುತ್ತದೆ. ಮೊದಲಿನಿಂದಲೇ ಲಿವರಿಗೆ ಬಿಗಿಯೇ ಇಲ್ಲವಾದರೆ ಪಂಪು ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ: ಕ್ಯಾಮಿನ ಉಬ್ಬು ಪಂಪಿನ ತೋಳನ್ನು ಎತ್ತಿ ಹಿಡಿದಿರಬಹುದು. ಎಂಜಿನ್ನನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿದರೆ ಕ್ಯಾಮ್ ಅರ್ಧ ಸುತ್ತು ತಿರುಗಿ ತೋಳು ಬಿಡುಗಡೆಯಾಗುತ್ತದೆ. ಹೀಗೆ ಇಪ್ಪತ್ತು ಮೂವತ್ತು ಸಲ ಒತ್ತಿ, ಐದು ನಿಮಿಷ ಬಿಟ್ಟು ಟಾರ್ಚ್ ಹಿಡಿದು ನೋಡಿದರೆ ಬಿಳಿಯ ಪುಡಿಯಲ್ಲಿ ಒದ್ದೆಯ ಗೆರೆ ಕಾಣುತ್ತದೆ, ಆ ಗೆರೆಯ ಮೇಲಿನ ತುದಿಯೇ ಸೋರುವ ಜಾಗ.

ನನ್ನ ಕಾರಿನಲ್ಲಿ ಗೆರೆ ಕ್ಲಿಪ್ಪಿನಿಂದ ಶುರುವಾಗಿರಲಿಲ್ಲ. ಕ್ಲಿಪ್ಪಿನಿಂದ ಒಂದು ಬೆರಳಿನಷ್ಟು ಆಚೆ, ರಬ್ಬರ್ ಪೈಪು ಸಿಕ್ಕಿಸುವ ಪುಟ್ಟ ಕೊಳವೆಯಾದ ಪಿತ್ತಳೆಯ ನಿಪ್ಪಲ್ ಕಾರ್ಬ್ಯುರೇಟರಿನ ಮುಚ್ಚಳದೊಳಗೆ ಹೊಕ್ಕಿರುವ ಸಂದಿಯಿಂದ ಶುರುವಾಗಿತ್ತು.

ನಿಪ್ಪಲ್

ನಾನಾ ಪೇಠೆಯಲ್ಲಿ, ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲಿನ ಹಿಂದಿನ ಓಣಿಯಲ್ಲಿ, ವಿಜಯಪುರ ಕಡೆಯ ಹಿರಿಯ ಮಿಸ್ತ್ರಿಯೊಬ್ಬರು ಹಳೆಯ ಕಾರುಗಳ ಕೆಲಸ ಮಾಡುತ್ತಾರೆ. ನಾನು ಕ್ಲಿಪ್ಪಿನ ಕಥೆ ಹೇಳಿ ಮುಗಿಸುವಷ್ಟರಲ್ಲಿ ಅವರು, “ಸಾಹೇಬ್ರ, ಕ್ಲಿಪ್ ಬಿಗಿ ಮಾಡೂದು ಬಿಡ್ರಿ. ಮೊದ್ಲ ಪೈಪ್ ಹಿಡಕೊಂಡು ಸ್ವಲ್ಪ ತಿರುವಿ ನೋಡ್ರಿ, ಏನ್ ತಿರುಗ್ತದ ಅಂತ” ಎಂದರು. ತಿರುವಿದೆ. ರಬ್ಬರ್ ಪೈಪು, ಅದರೊಳಗಿನ ಪಿತ್ತಳೆಯ ನಿಪ್ಪಲ್ ಎರಡೂ ಒಟ್ಟಿಗೇ, ಮುಚ್ಚಳದ ತೂತಿನೊಳಗೆ ಗಡಿಯಾರದ ಮುಳ್ಳಿನಂತೆ ನಯವಾಗಿ ತಿರುಗಿದವು. ನಿಪ್ಪಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಹೊಳೆಯುವ ಹೊಸ ಲೋಹದ ಉಂಗುರ ಕಂಡಿತು. ತಿಂಗಳುಗಟ್ಟಲೆ ತಿಕ್ಕಿ ತಿಕ್ಕಿ ಅಲ್ಲಿನ ಮಾಸಲು ಬಣ್ಣ ಹೋಗಿತ್ತು. ಅವರು ಎರಡು ಬೆರಳಿನಲ್ಲಿ ಹಿಡಿದು ಎಳೆದರು, ನಿಪ್ಪಲ್ ಕೈಗೆ ಬಂತು.

ಹಲವು ಕಾರ್ಬ್ಯುರೇಟರುಗಳಲ್ಲಿ ಈ ನಿಪ್ಪಲ್ಲಿಗೆ ಥ್ರೆಡ್ ಇರುವುದಿಲ್ಲ. ಸತುವಿನ ಮಿಶ್ರಲೋಹದ ಮುಚ್ಚಳದಲ್ಲಿ ತೂತು ಮಾಡಿ ಪಿತ್ತಳೆಯ ಕೊಳವೆಯನ್ನು ಒತ್ತಿ ಕೂರಿಸಿರುತ್ತಾರೆ. ಮೊದಲ ದಿನಗಳಲ್ಲಿ ಅದು ಬಂಡೆಯಂತೆ ನಿಲ್ಲುತ್ತದೆ. ದಶಕಗಳ ಕಾಲ ಬಿಸಿಯಾಗಿ ತಣ್ಣಗಾಗಿ, ಎರಡು ಬೇರೆ ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗಿ, ಹಿಡಿತ ಸಡಿಲಾಗುತ್ತದೆ. ಇದರ ಮೇಲೆ ಗಟ್ಟಿಯಾದ, ಸ್ವಲ್ಪವೂ ಸಡಿಲ ಬಿಡದೆ ಕತ್ತರಿಸಿ ಹಾಕಿದ ಪೈಪು ಸೇರಿದರೆ, ಎಂಜಿನ್ ತನ್ನ ರಬ್ಬರ್ ಮೌಂಟಿಂಗಿನ ಮೇಲೆ ಅಲುಗಿದಾಗಲೆಲ್ಲ ಪೈಪು ನಿಪ್ಪಲ್ಲನ್ನು ಜಗ್ಗುತ್ತದೆ. ನಾನು ಪ್ರತಿ ಸಲ ಕ್ಲಿಪ್ ಬಿಗಿಯುವಾಗ ಸ್ಕ್ರೂಡ್ರೈವರಿನ ತಿರುವಿನ ಜೊತೆ ನಿಪ್ಪಲ್ಲನ್ನೂ ತಿರುವುತ್ತಿದ್ದೆ. ಎರಡು ದಿನ ವಾಸನೆ ನಿಲ್ಲುತ್ತಿದ್ದದ್ದು, ನಿಪ್ಪಲ್ ಹೊಸ ಕೋನದಲ್ಲಿ ಸ್ವಲ್ಪ ಕಚ್ಚಿಕೊಳ್ಳುತ್ತಿದ್ದುದರಿಂದ. ಓಡುವಾಗ ಈ ನಿಪ್ಪಲ್ ಪೂರ್ತಿ ಕಳಚಿದರೆ ಪಂಪು ಪೆಟ್ರೋಲನ್ನು ನೇರವಾಗಿ ಬಿಸಿ ಎಂಜಿನ್ನಿನ ಮೇಲೆ ಸುರಿಯುತ್ತದೆ, ಎಂಜಿನ್ ಫ್ಲೋಟ್ ಚೇಂಬರಿನಲ್ಲಿ ಉಳಿದ ಪೆಟ್ರೋಲ್ ಮುಗಿಯುವವರೆಗೆ ಓಡುತ್ತಲೇ ಇರುತ್ತದೆ, ಪಂಪೂ ಸುರಿಯುತ್ತಲೇ ಇರುತ್ತದೆ. ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನಿನಂತೆ ಇನ್‌ಲೆಟ್ ಮತ್ತು ಎಗ್ಸಾಸ್ಟ್ ಎರಡೂ ಒಂದೇ ಬದಿಯಲ್ಲಿರುವ ಎಂಜಿನ್ನುಗಳಲ್ಲಿ ಕಾರ್ಬ್ಯುರೇಟರಿನ ಕೆಳಗೆ ಹೊಗೆ ಹೊರಹೋಗುವ, ಕಾದ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಇರುತ್ತದೆ. ಹೆಚ್ಚು ವಿವರಿಸಬೇಕಾಗಿಲ್ಲ.

ಇದಕ್ಕೆ ಎಪಾಕ್ಸಿ ಪುಟ್ಟಿ ಮೆತ್ತುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಸರಿಯಲ್ಲ: ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಹಲವು ಪುಟ್ಟಿಗಳು ಕ್ರಮೇಣ ಮೆತ್ತಗಾಗುತ್ತವೆ, ಬಿಟ್ಟ ಚೂರು ನೀಡಲ್ ವಾಲ್ವಿನಲ್ಲಿ, ಅಂದರೆ ಫ್ಲೋಟ್ ಚೇಂಬರ್ ತುಂಬಿದಾಗ ಪೆಟ್ರೋಲನ್ನು ತಡೆಯುವ ಸೂಜಿಯಂತಹ ಬಾಗಿಲಿನಲ್ಲಿ, ಸಿಕ್ಕಿಕೊಳ್ಳುತ್ತದೆ. ಸುತ್ತಿಗೆಯಿಂದ ತಟ್ಟಿ ಮತ್ತೆ ಕೂರಿಸುವುದು ಅದಕ್ಕಿಂತ ಕೆಟ್ಟದ್ದು, ಮುಚ್ಚಳವೇ ಸೀಳುತ್ತದೆ. ಮುಚ್ಚಳವನ್ನು ಬಿಚ್ಚಿ ಲೇತ್ ಕೆಲಸದವರಿಗೆ ಕೊಟ್ಟು, ತೂತಿಗೆ ಥ್ರೆಡ್ ಹಾಕಿಸಿ, ಥ್ರೆಡ್ ಇರುವ ಹೊಸ ಪಿತ್ತಳೆಯ ನಿಪ್ಪಲ್ಲನ್ನು ಪೆಟ್ರೋಲ್ ತಾಳುವ ಥ್ರೆಡ್ ಲಾಕರ್ ಹಚ್ಚಿ ಕೂರಿಸುವುದು ಶಾಶ್ವತ ಪರಿಹಾರ. ಮುಚ್ಚಳದ ಗೋಡೆ ತೆಳುವಾಗಿದ್ದು ಥ್ರೆಡ್ಡಿಗೆ ಜಾಗ ಸಾಲದಿದ್ದರೆ ಒಳ್ಳೆಯ ಸ್ಥಿತಿಯಲ್ಲಿರುವ ಬೇರೆ ಮುಚ್ಚಳವನ್ನೇ ಹುಡುಕಬೇಕು. ನನ್ನದಕ್ಕೆ ಥ್ರೆಡ್ ಹಿಡಿಯಿತು.

ರಬ್ಬರ್ ಪೈಪನ್ನು ಓದುವುದು

ನಿಪ್ಪಲ್ ಗಟ್ಟಿಯಿದೆ, ಗೆರೆ ಪೈಪಿನ ಮೈಯಿಂದಲೇ ಶುರುವಾಗಿದೆ ಎಂದಾದರೆ ಪೈಪನ್ನು ಬಿಚ್ಚಿ ಪರೀಕ್ಷಿಸಬೇಕು. ಹೊರಗೆ ಹತ್ತಿಯ ನೇಯ್ಗೆ ಇರುವ ಹಳೆಯ ಬಗೆಯ ಪೈಪು ನೋಡಲು ಚೆನ್ನ, ಕಾರಿನ ಕಾಲಕ್ಕೂ ಒಪ್ಪುತ್ತದೆ, ಆದರೆ ಒಳಗಿನ ರಬ್ಬರ್ ಬಿರುಕು ಬಿಟ್ಟದ್ದನ್ನು ಆ ನೇಯ್ಗೆ ಮುಚ್ಚಿಡುತ್ತದೆ. ತೆಗೆದ ಪೈಪನ್ನು ಬೆರಳಿನಲ್ಲಿ ಪೂರ್ತಿ ಮಡಿಸಿ ನೋಡಿ. ಮಡಿಕೆಯ ಮೇಲೆ ಸಣ್ಣ ಸೀಳುಗಳು ಎದ್ದರೆ ಮತ್ತೆ ಹಾಕಬಾರದು. ನಾನು ತೆಗೆದ ಪೈಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ಹೊರಮೈ ಹೊಸದರಂತಿತ್ತು, ಒಳಮೈ ಉಗುರಿಗೆ ಅಂಟುವ ಕಪ್ಪು ಬೆಲ್ಲದಂತಾಗಿತ್ತು. ಫ್ಲೋಟ್ ಚೇಂಬರಿನ ತಳದಲ್ಲಿ ಸಿಕ್ಕ ಕಪ್ಪು ಕಣಗಳು ಎಲ್ಲಿಂದ ಬಂದವು ಎಂಬುದೂ ಆಗ ಗೊತ್ತಾಯಿತು. ಆ ಪೈಪನ್ನು ಹಿಂದಿನ ವರ್ಷವಷ್ಟೇ ಒಂದು ಅಂಗಡಿಯಲ್ಲಿ “ಪೆಟ್ರೋಲ್ ಪೈಪ್” ಎಂದೇ ಕೇಳಿ ತಂದಿದ್ದೆ. ಮೈಮೇಲೆ ಒಂದು ಅಕ್ಷರವೂ ಅಚ್ಚಾಗಿರಲಿಲ್ಲ, ಅದನ್ನು ಆಗಲೇ ಗಮನಿಸಬೇಕಿತ್ತು.

ಕಾರಣ ಪೆಟ್ರೋಲಿನಲ್ಲೇ ಇದೆ. ನಮ್ಮ ದೇಶದಲ್ಲಿ 2022ರ ಮಧ್ಯದ ಹೊತ್ತಿಗೆ ಪೆಟ್ರೋಲಿಗೆ ಶೇ. 10ರಷ್ಟು ಎಥೆನಾಲ್ ಬೆರೆಯುತ್ತಿತ್ತು, 2025ರಲ್ಲಿ ಅದು ಶೇ. 20ಕ್ಕೆ ಮುಟ್ಟಿತು. ಈ ಕಾರುಗಳು ತಯಾರಾದಾಗ ಇದರ ಕಲ್ಪನೆಯೂ ಇರಲಿಲ್ಲ. ಎಥೆನಾಲ್ ಹಳೆಯ ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಒಣಗಿದಾಗ ಬಿರುಕು ಬಿಡಿಸುತ್ತದೆ, ಟ್ಯಾಂಕು ಪೈಪುಗಳಲ್ಲಿ ವರ್ಷಗಳಿಂದ ಅಂಟಿಕೊಂಡಿದ್ದ ಜಿಡ್ಡನ್ನು ಕರಗಿಸಿ ಮುಂದಕ್ಕೆ ತರುತ್ತದೆ. ಜೊತೆಗೆ ಅದು ಗಾಳಿಯ ತೇವವನ್ನು ಹೀರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಅರ್ಧ ಟ್ಯಾಂಕಿನೊಂದಿಗೆ ನಿಂತೇ ಇರುವ ಕಾರಿನಲ್ಲಿ, ಅದರಲ್ಲೂ ಮುಂಬೈ ಗೋವೆಗಳ ಕರಾವಳಿಯ ಗಾಳಿಯಲ್ಲಿ, ನೀರು ಮತ್ತು ಎಥೆನಾಲ್ ಬೇರ್ಪಟ್ಟು ತಳಕ್ಕೆ ಇಳಿಯಬಹುದು.

ಪೈಪನ್ನು ಕೊಳ್ಳುವಾಗ ಮೈಮೇಲಿನ ಅಚ್ಚನ್ನು ಓದಬೇಕು. ಎಸ್.ಎ.ಇ. ಜೆ30 ಆರ್7 (ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆಯ ಮಾನದಂಡದ ಗುರುತು) ಎಂದಿದ್ದರೆ ಅದು ಕಾರ್ಬ್ಯುರೇಟರಿನ ಕಡಿಮೆ ಒತ್ತಡಕ್ಕೆ ಮಾಡಿದ ಸಾಮಾನ್ಯ ಪೈಪು. ಆರ್9 ಎಂದಿದ್ದರೆ ಕಾರ್ಬ್ಯುರೇಟರಿನ ಬದಲು ಹೆಚ್ಚು ಒತ್ತಡದಲ್ಲಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಕಾರುಗಳಿಗೆ ಮಾಡಿದ್ದು, ಹೆಚ್ಚಾಗಿ ಒಳಪದರ ಫ್ಲೋರೋಎಲಾಸ್ಟೊಮರ್ ಎಂಬ ಬಗೆಯ ರಬ್ಬರಿನದು. ನಮ್ಮ ಕಾರಿಗೆ ಅದರ ಒತ್ತಡ ತಾಳುವ ಶಕ್ತಿ ಬೇಕಿಲ್ಲ, ಎಥೆನಾಲ್ ತಾಳುವ ಒಳಪದರ ಬೇಕು. ಬೆಲೆ ಹೆಚ್ಚು, ಆದರೆ ಇಡೀ ಕಾರಿಗೆ ಬೇಕಾಗುವುದು ಒಂದು ಮೀಟರಿನ ಆಸುಪಾಸು ಮಾತ್ರ. ಪಾರದರ್ಶಕ ಪ್ಲಾಸ್ಟಿಕ್ ಪೈಪು ಎಂಜಿನ್ನಿನ ಬಳಿ ಎಂದಿಗೂ ಬೇಡ, ಬಿಸಿಗೆ ಮೆತ್ತಗಾಗಿ ಕ್ಲಿಪ್ಪಿನಡಿಯಿಂದ ಜಾರುತ್ತದೆ.

ಒಳವ್ಯಾಸದ ವಿಷಯದಲ್ಲಿ ಅಂದಾಜು ಕೂಡದು. ಸಾಮಾನ್ಯವಾಗಿ ಎದುರಾಗುವುದು 6 ಮಿ.ಮೀ. ಮತ್ತು 8 ಮಿ.ಮೀ.; ಬ್ರಿಟಿಷ್ ಕಾರುಗಳಲ್ಲಿ ಕಾಲಿಂಚು, ಅಂದರೆ 6.35 ಮಿ.ಮೀ., ಮತ್ತು ಇಂಚಿನ ಹದಿನಾರನೆಯ ಐದು ಪಾಲು, ಅಂದರೆ 7.9 ಮಿ.ಮೀ. 8ರ ಪೈಪನ್ನು 6ರ ನಿಪ್ಪಲ್ಲಿಗೆ ಹಾಕಿ ಕ್ಲಿಪ್ಪಿನಿಂದ ಹಿಂಡಿದರೆ ರಬ್ಬರ್ ಒಂದು ಕಡೆ ಮಡಿಕೆ ಬೀಳುತ್ತದೆ, ಆ ಮಡಿಕೆಯೇ ಸೋರುವ ಕಾಲುವೆ. ಎಷ್ಟು ಬಿಗಿದರೂ ಮಡಿಕೆ ಇನ್ನೂ ಆಳವಾಗುತ್ತದೆಯೇ ಹೊರತು ಮುಚ್ಚುವುದಿಲ್ಲ. ಪಂಪಿನ ನಿಪ್ಪಲ್ ಒಂದು ಅಳತೆ, ಕಾರ್ಬ್ಯುರೇಟರಿನದು ಇನ್ನೊಂದು ಎಂಬ ಸಂದರ್ಭ ಬಂದರೆ ನಡುವೆ ಎರಡು ಅಳತೆಯ ಲೋಹದ ಜೋಡಣೆ ಬಳಸಬೇಕು.

ಕ್ಲಿಪ್, ಯೂನಿಯನ್, ವಾಷರ್

ಗೆರೆ ನಿಜವಾಗಿಯೂ ಕ್ಲಿಪ್ಪಿನಡಿಯಿಂದ ಬಂದಿದ್ದರೆ ಕ್ಲಿಪ್ಪಿನ ಜಾತಿಯನ್ನು ನೋಡಿ. ಪಟ್ಟಿಯಲ್ಲಿ ಉದ್ದಕ್ಕೂ ಸೀಳುಗಳಿರುವ, ಸ್ಕ್ರೂವಿನಿಂದ ಸುತ್ತುವ ಸಾಮಾನ್ಯ ಕ್ಲಿಪ್ ದೊಡ್ಡ ರೇಡಿಯೇಟರ್ ಪೈಪಿಗೆ ಸರಿ. ಸಣ್ಣ ಪೆಟ್ರೋಲ್ ಪೈಪಿನ ಮೇಲೆ ಅದು ಸರಿಯಾಗಿ ವೃತ್ತಾಕಾರಕ್ಕೆ ಬರುವುದಿಲ್ಲ, ಸೀಳಿನ ಅಂಚುಗಳು ರಬ್ಬರನ್ನು ಕತ್ತರಿಸುತ್ತವೆ. ಪೆಟ್ರೋಲ್ ಪೈಪಿಗಾಗಿಯೇ ಮಾಡಿದ, ಅಖಂಡ ಪಟ್ಟಿಯ, ಸಣ್ಣ ನಟ್-ಬೋಲ್ಟಿನ ಕ್ಲಿಪ್ ಬೇಕು. ಅದು ನಿಪ್ಪಲ್ಲಿನ ತುದಿಯ ಉಬ್ಬಿನ ಹಿಂದೆ ಕೂರಬೇಕು, ಉಬ್ಬಿನ ಮೇಲೆ ಅಲ್ಲ. ರಬ್ಬರ್ ಪಟ್ಟಿಯ ಅಂಚಿಗೆ ಸಮನಾಗಿ ಮೆಲ್ಲಗೆ ಉಬ್ಬಿದರೆ ಸಾಕು, ಅಲ್ಲಿಗೆ ನಿಲ್ಲಿಸಬೇಕು.

ಲೋಹದ ಪೈಪು ಯೂನಿಯನ್ ನಟ್ಟಿನಿಂದ ಜೋಡಣೆಯಾಗುವ ಕಾರುಗಳಲ್ಲಿ ಟೆಫ್ಲಾನ್ ಟೇಪ್ ಸುತ್ತುವುದು ಸಾಮಾನ್ಯ ತಪ್ಪು. ಅಲ್ಲಿ ಸೀಲ್ ಆಗುವುದು ಥ್ರೆಡ್ಡಿನಲ್ಲಿ ಅಲ್ಲ, ಪೈಪಿನ ಅಗಲಿಸಿದ ತುದಿ ಅಥವಾ ಆಲಿವ್ ಎಂಬ ಉಂಗುರ ಲೋಹಕ್ಕೆ ಲೋಹ ಒತ್ತಿಕೊಳ್ಳುವ ಜಾಗದಲ್ಲಿ. ಟೇಪು ಏನನ್ನೂ ಮುಚ್ಚುವುದಿಲ್ಲ, ಅದರ ಎಳೆ ಮಾತ್ರ ಹರಿದು ನೀಡಲ್ ವಾಲ್ವಿನಡಿ ಸೇರಿಕೊಳ್ಳುತ್ತದೆ. ಬ್ಯಾಂಜೊ ಬೋಲ್ಟ್, ಅಂದರೆ ಪೈಪಿನ ತುದಿಯ ಉಂಗುರದಂತಹ ಕಣ್ಣನ್ನು ಹಿಡಿದಿಡುವ ಟೊಳ್ಳು ಬೋಲ್ಟ್, ಇದ್ದರೆ ಆ ಕಣ್ಣಿನ ಎರಡೂ ಬದಿಗೆ ಒಂದೊಂದು ವಾಷರ್ ಇರಬೇಕು. ತಲೆಯ ಕೆಳಗಿನದು ಕಾಣುತ್ತದೆ, ಇನ್ನೊಂದು ಹಳೆಯ ಕಾರಿನಲ್ಲಿ ಎಷ್ಟೋ ಸಲ ನಾಪತ್ತೆಯಾಗಿರುತ್ತದೆ. ಬಿಚ್ಚಿದಾಗಲೆಲ್ಲ ಹೊಸ ವಾಷರ್ ಹಾಕುವುದು ಸರಿಯಾದ ಕ್ರಮ, ತಾಮ್ರದ್ದನ್ನು ಕೆಂಪಗೆ ಕಾಯಿಸಿ ತಣಿಸಿ ಮೆತ್ತಗೆ ಮಾಡಿಯೂ ಬಳಸಬಹುದು. ಬೋಲ್ಟ್ ಗಟ್ಟಿ ಲೋಹ, ಕಾರ್ಬ್ಯುರೇಟರಿನ ಮೈ ಮೆತ್ತನೆಯದು. ತೋಳಿನ ಬಲ ತೋರಿಸಿದರೆ ಹಾಳಾಗುವುದು ಯಾವುದೆಂದು ಹೇಳಬೇಕಿಲ್ಲ.

ಜೋಡಣೆಯೆಲ್ಲ ಒಣಗಿದೆ, ಆದರೂ ಕಾರ್ಬ್ಯುರೇಟರ್ ಒದ್ದೆ

ಪುಡಿಯಲ್ಲಿ ಗೆರೆ ಮುಚ್ಚಳದ ಗ್ಯಾಸ್ಕೆಟ್ಟಿನಿಂದಲೋ ಎಕ್ಸಲರೇಟರಿಗೆ ತಿರುಗುವ ಥ್ರಾಟಲ್ ಶಾಫ್ಟಿನ ತುದಿಯಿಂದಲೋ ಇಳಿದಿದ್ದರೆ ಪೈಪನ್ನು ದೂರಿ ಫಲವಿಲ್ಲ. ಫ್ಲೋಟ್ ಚೇಂಬರ್ ಉಕ್ಕುತ್ತಿದೆ. ಏರ್ ಕ್ಲೀನರ್ ತೆಗೆದು, ಎಂಜಿನ್ ನಿಂತಿರುವಾಗ ಕೈ ಲಿವರಿನಿಂದ ಪಂಪು ಮಾಡುತ್ತ ಬಾಯಿಯೊಳಗೆ ನೋಡಿದರೆ ನಡುವಿನ ನಳಿಕೆಯಿಂದ ಪೆಟ್ರೋಲ್ ತೊಟ್ಟಿಕ್ಕುವುದು ಕಾಣುತ್ತದೆ. ಒತ್ತಡಕ್ಕೆ ನೀಡಲ್ ವಾಲ್ವ್ ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಕೊಂಡಿಲ್ಲ. ಹೆಚ್ಚಿನ ಸಲ ಅದರಡಿ ಒಂದು ಕಣ ಸಿಕ್ಕಿರುತ್ತದೆ, ಅದೂ ಹಾಳಾದ ಪೈಪಿನದೇ ಕಣವಾಗಿರಬಹುದು. ಅದಲ್ಲವಾದರೆ ನೀಡಲ್ಲನ್ನು ಎತ್ತಿ ಮುಚ್ಚಿಸುವ ಪಿತ್ತಳೆಯ ತೇಲುಬುರುಡೆ, ಅಂದರೆ ಫ್ಲೋಟ್, ತೂತಾಗಿ ಒಳಗೆ ಪೆಟ್ರೋಲ್ ತುಂಬಿ ಮುಳುಗಿರುತ್ತದೆ. ಕಿವಿಯ ಬಳಿ ಅಲುಗಿಸಿದರೆ ಎಳನೀರಿನಂತೆ ಕುಲುಕುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಡಿದರೆ ತೂತಿನಿಂದ ಗುಳ್ಳೆ ಏಳುತ್ತದೆ. ಬೆಸುಗೆ ಹಾಕುವ ಮುಂಚೆ ಒಳಗಿನ ಪೆಟ್ರೋಲನ್ನೂ ಆವಿಯನ್ನೂ ಪೂರ್ತಿ ಹೊರಹಾಕಿರಬೇಕು, ಇಲ್ಲವಾದರೆ ಕೈಯಲ್ಲಿರುವುದು ಪಟಾಕಿ.

ಮೂರನೆಯ ಸಾಧ್ಯತೆ, ಪಂಪಿನ ಒತ್ತಡವೇ ಹೆಚ್ಚಿರುವುದು. ಇಂತಹ ಕಾರ್ಬ್ಯುರೇಟರುಗಳಿಗೆ ಸಾಮಾನ್ಯವಾಗಿ 2ರಿಂದ 4 ಪಿ.ಎಸ್.ಐ. (ಚದರ ಇಂಚಿಗೆ ಪೌಂಡು ಲೆಕ್ಕದ ಒತ್ತಡ) ಒಳಗೆ ಸಾಕು. ಹಳೆಯ ಪಂಪಿನ ಬದಲು ಮಾರುಕಟ್ಟೆಯ ಎಲೆಕ್ಟ್ರಿಕ್ ಪಂಪು ಹಾಕಿಸಿಕೊಂಡವರು ಅದರ ಒತ್ತಡವನ್ನು ಕೇಳದೆ ತಂದಿರುತ್ತಾರೆ, ಕೆಲವು 6-7 ಪಿ.ಎಸ್.ಐ. ಕೊಡುತ್ತವೆ, ಸಣ್ಣ ಗೇಜನ್ನು ಟಿ ಜೋಡಣೆಯಿಂದ ಕಾರ್ಬ್ಯುರೇಟರಿನ ಮುಂಚೆ ಹಾಕಿ ನೋಡಿದರೆ ತಿಳಿಯುತ್ತದೆ. ಅಂತಹ ಪಂಪಿಗೆ ಒತ್ತಡ ಇಳಿಸುವ ರೆಗ್ಯುಲೇಟರ್ ಬೇಕು. ಅಪಘಾತದಲ್ಲಿ ತಾನೇ ಕರೆಂಟ್ ಕಡಿಯುವ ಸ್ವಿಚ್ಚೂ ಇರಲೇಬೇಕೆಂಬುದು ನನ್ನ ಹಟ, ಏಕೆಂದರೆ ಎಂಜಿನ್ ನಿಂತರೂ ಇಗ್ನಿಷನ್ ಆನ್ ಇರುವವರೆಗೆ ಎಲೆಕ್ಟ್ರಿಕ್ ಪಂಪು ನಿಲ್ಲುವುದಿಲ್ಲ.

ಪಂಪಿನ ಡಯಾಫ್ರಮ್ ಹರಿದಿದ್ದರೆ ಅದರ ಅಡಿಯ ಸಣ್ಣ ತೂತಿನಿಂದ ಪೆಟ್ರೋಲ್ ಒಸರುತ್ತದೆ. ಹೊರಗೆ ಬಾರದೆ ಎಂಜಿನ್ ಆಯಿಲಿಗೆ ಸೇರಿದರೆ ಇನ್ನೂ ಕೆಟ್ಟದ್ದು: ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ತಾನಾಗಿ ಏರಿದ್ದು, ಮೂಗಿಗೆ ಹಿಡಿದರೆ ಪೆಟ್ರೋಲ್ ನಾರಿದರೆ ಸ್ಟಾರ್ಟ್ ಮಾಡದೆ ಆಯಿಲ್ ಬದಲಿಸಿ ಪಂಪು ರಿಪೇರಿ ಮಾಡಿಸಬೇಕು.

ಸೋರದೆ ಕಾಡುವ ಬದಿ

ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಒತ್ತಡವಿಲ್ಲ, ಸೆಳೆತವಿದೆ. ಆದ್ದರಿಂದ ಅಲ್ಲಿನ ಬಿರುಕಿನಿಂದ ಪೆಟ್ರೋಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪುಡಿಯ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ. ಲಕ್ಷಣ ಬೇರೆ: ಊರೊಳಗೆ ಸರಿಯಾಗಿ ಓಡುವ ಕಾರು ಹೆದ್ದಾರಿಯ ವೇಗದಲ್ಲಿ ಬಿಕ್ಕಳಿಸುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗಲು ತುಂಬ ಹೊತ್ತು ತೆಗೆದುಕೊಳ್ಳುತ್ತದೆ. ಖಂಡಾಲಾ ಘಾಟಿಯ ಹಳೆಯ ರಸ್ತೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಇದೇ ಲಕ್ಷಣ ವೇಪರ್ ಲಾಕಿನಿಂದಲೂ, ಅಂದರೆ ಪೆಟ್ರೋಲ್ ಬಿಸಿಗೆ ಪೈಪಿನಲ್ಲೇ ಆವಿಯಾಗಿ ಹರಿವು ಕಟ್ಟುವುದರಿಂದಲೂ, ಬರುತ್ತದೆ. ಎರಡನ್ನೂ ಬೇರ್ಪಡಿಸಲು ಹಳೆಯ ಟ್ಯಾಕ್ಸಿಯವರ ಉಪಾಯವೇ ಸಾಕು: ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯುವುದು. ಸರಿಹೋದರೆ ಅದು ಶಾಖದ ಆಟ, ಪೈಪನ್ನು ಎಗ್ಸಾಸ್ಟಿನಿಂದ ದೂರ ಸರಿಸಬೇಕು. ತಣ್ಣನೆಯ ಬೆಳಗಿನಲ್ಲೂ ಬಿಕ್ಕಳಿಸಿದರೆ ಗಾಳಿ ಸೇರುತ್ತಿದೆ, ಟ್ಯಾಂಕಿನ ಕಡೆಯ ಪ್ರತಿಯೊಂದು ರಬ್ಬರ್ ತುಂಡನ್ನೂ ಬದಲಿಸಬೇಕು.

ಫಿಲ್ಟರ್ ಇರಬೇಕಾದದ್ದೂ ಈ ಬದಿಯಲ್ಲೇ. ಪಂಪು ಮತ್ತು ಕಾರ್ಬ್ಯುರೇಟರಿನ ನಡುವೆ, ಎಂಜಿನ್ನಿನ ಮೇಲೆ ನೇತಾಡುವ ಗಾಜಿನ ಫಿಲ್ಟರನ್ನು ಅಂದಕ್ಕಾಗಿ ಹಾಕಿಸಿಕೊಳ್ಳುವವರನ್ನು ಕಂಡರೆ ನನಗೆ ಈಗ ಮಾತು ನಿಲ್ಲುವುದಿಲ್ಲ.

ಎರಡು ಕಾರ್ಬ್ಯುರೇಟರಿನ ಕಾರು

ಬ್ರಿಟನ್ನಿನ ಹಳೆಯ ಎಂ.ಜಿ.ಯಂತಹ ಕಾರುಗಳಲ್ಲಿ ಎಸ್.ಯು. ಎಂಬ ಬ್ರಿಟಿಷ್ ಕಂಪನಿಯ ಎರಡು ಕಾರ್ಬ್ಯುರೇಟರ್ ಇರುತ್ತವೆ, ಪೆಟ್ರೋಲ್ ಮೊದಲನೆಯದಕ್ಕೆ ಬಂದು, ನಡುವಿನ ಪೈಪಿನಿಂದ ಎರಡನೆಯದಕ್ಕೆ ಹೋಗುತ್ತದೆ. ಎಚ್.ಎಸ್. ಮಾದರಿಯ ಫ್ಲೋಟ್ ಚೇಂಬರಿನ ಮುಚ್ಚಳದಲ್ಲಿ ಪೆಟ್ರೋಲ್ ಒಳಬರುವ ನಿಪ್ಪಲ್ಲೂ ಗಾಳಿಯಾಡಲು, ಉಕ್ಕಿದ್ದು ಹೊರಹೋಗಲು ಇರುವ ನಿಪ್ಪಲ್ಲೂ ಅಕ್ಕಪಕ್ಕದಲ್ಲಿರುತ್ತವೆ. ಪೆಟ್ರೋಲ್ ಪೈಪನ್ನು ತಪ್ಪಿ ಗಾಳಿಯ ನಿಪ್ಪಲ್ಲಿಗೆ ಹಾಕಿದರೆ ನೀಡಲ್ ವಾಲ್ವನ್ನು ಬಿಟ್ಟು ಪೆಟ್ರೋಲ್ ನೇರ ಚೇಂಬರಿಗೆ ನುಗ್ಗುತ್ತದೆ, ಪಂಪು ಆನ್ ಆದ ಕೆಲವೇ ಕ್ಷಣಗಳಲ್ಲಿ ಪ್ರವಾಹ. ಯಾವುದು ಯಾವುದೆಂದು ತಿಳಿಯಲು ಮುಚ್ಚಳವನ್ನು ಬಿಚ್ಚಿ, ಒಣಗಿಸಿ, ತಲೆಕೆಳಗಾಗಿ ಹಿಡಿಯಬೇಕು. ಫ್ಲೋಟಿನ ಭಾರಕ್ಕೆ ನೀಡಲ್ ಮುಚ್ಚಿಕೊಳ್ಳುತ್ತದೆ. ಸ್ವಚ್ಛವಾದ ಪೈಪಿನ ತುಂಡಿನಿಂದ ಊದಿದರೆ ಪೆಟ್ರೋಲಿನ ನಿಪ್ಪಲ್ಲಿನಲ್ಲಿ ಗಾಳಿ ತಡೆಯುತ್ತದೆ, ಗಾಳಿಯದರಲ್ಲಿ ಸಲೀಸಾಗಿ ಹೋಗುತ್ತದೆ. ಗಾಳಿಯ ನಿಪ್ಪಲ್ಲಿನ ಪೈಪು ಎಗ್ಸಾಸ್ಟಿನಿಂದ ದೂರವಾಗಿ ಎಂಜಿನ್ನಿನ ಕೆಳಗೆ ತೆರೆದುಕೊಂಡಿರಬೇಕು. ವಾಸನೆ ಬರುತ್ತದೆಂದು ಅದಕ್ಕೆ ಬಿರಡೆ ಹಾಕಿದವರನ್ನೂ ನೋಡಿದ್ದೇನೆ. ಕಾರು ಹತ್ತು ಕಿಲೋಮೀಟರಿನಲ್ಲಿ ನಿಂತಿತು.

ಮತ್ತೆ ಜೋಡಿಸುವಾಗ

ಪೈಪನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಬೇಕು. ಗರಗಸದ ಬ್ಲೇಡು ರಬ್ಬರಿನ ಪುಡಿ ಉದುರಿಸುತ್ತದೆ. ಕತ್ತರಿಸಿದ ಮೇಲೆ ಒಳಗೆ ಗಾಳಿ ಊದಿ, ನಿಪ್ಪಲ್ಲಿನ ಉಬ್ಬನ್ನು ದಾಟಿ ಸುಮಾರು 20 ಮಿ.ಮೀ. ಒಳಗೆ ಹೋಗುವಂತೆ ತಳ್ಳಬೇಕು. ಎಂಜಿನ್ ಅಲುಗುವಷ್ಟು ಸಡಿಲ ಇರಲಿ, ಆದರೆ ಜೋತು ಬೀಳುವಷ್ಟಲ್ಲ. ಲೋಹದ ಅಂಚಿಗೆ ತಾಗುವ ಕಡೆ ರಬ್ಬರಿನ ಗ್ರೋಮೆಟ್ (ಉಜ್ಜದಂತೆ ಕಾಯುವ ಬಳೆ) ಹಾಕಿ, ಫ್ಯಾನ್ ಮತ್ತು ಎಗ್ಸಾಸ್ಟಿನಿಂದ ಅಂತರ ಇಡಬೇಕು. ಬ್ಯಾಟರಿ ಜೋಡಿಸುವ ಮೊದಲು ಕೈ ಲಿವರಿನಿಂದ ಚೇಂಬರ್ ತುಂಬಿಸಿ, ಹೊಸದಾಗಿ ಸೀಮೆಸುಣ್ಣ ಹಚ್ಚಿ ಹತ್ತು ನಿಮಿಷ ಕಾದು, ಪೈಪನ್ನು ಎರಡು ಬೆರಳಿನಲ್ಲಿ ಹಿಡಿದು ನಿಧಾನವಾಗಿ ತಿರುವಿ ನೋಡಬೇಕು. ಆಮೇಲೆ ಸ್ಟಾರ್ಟ್ ಮಾಡಿ, ಬಾನೆಟ್ ತೆರೆದಿಟ್ಟು ಐದು ನಿಮಿಷ ಐಡಲ್‌ನಲ್ಲಿ ಓಡಿಸಿ, ಇನ್ನೊಮ್ಮೆ ಟಾರ್ಚ್ ಹಿಡಿಯಬೇಕು. ಸುಮಾರು ನೂರು ಕಿಲೋಮೀಟರ್ ಓಡಿದ ಮೇಲೆ ಹೊಸ ರಬ್ಬರ್ ಸ್ವಲ್ಪ ಕುಳಿತುಕೊಂಡಿರುತ್ತದೆ. ಆಗ ಎಂಜಿನ್ ತಣ್ಣಗಿರುವಾಗ ಕ್ಲಿಪ್ಪನ್ನು ಕಾಲು ಸುತ್ತು ಬಿಗಿಯಬಹುದು. ನಿಪ್ಪಲ್ಲನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು.